ಬೆನ್ನುಹುರಿಗೆ ಪೆಟ್ಟಾದ ಮೇಲೆ ದಾಂಪತ್ಯ, ಮಗು: ಯಾರಿಗಾದರೂ ಗೊತ್ತಾ?

ತೋಟದಮನೆ:
ಎರಡು ವರ್ಷದ ಹಿಂದೆ ನಮ್ಮ ಯಜಮಾನರು ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದರು. ಬೆನ್ನುಹುರಿಯ ಟಿ-5 ಹತ್ತಿರ, ಅಂದರೆ ಎದೆಯ ಮಟ್ಟದಲ್ಲಿ ಪೆಟ್ಟು. ಎದೆಯಿಂದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಪೈಪ್ ಹಾಕಿ ಮೂತ್ರ ತೆಗೆಯುವುದು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಎಲ್ಲ ಕಲಿಸಿ ಮನೆಗೆ ಕಳಿಸಿದರು, ಇದೊಂದನ್ನು ಮಾತ್ರ ಯಾರೂ ಹೇಳಲಿಲ್ಲ. ನಾನೇ ಧೈರ್ಯ ಮಾಡಿ ಕೇಳಿದ್ದಕ್ಕೆ ಡಾಕ್ಟರು "ಜೀವ ಉಳಿದಿದ್ದೇ ದೊಡ್ಡದು, ಅದೆಲ್ಲ ಈಗ ಯಾಕಮ್ಮ" ಅಂದರು. ನನಗೆ 29, ಅವರಿಗೆ 33. ಪೈಪ್ ಹಾಕುವಾಗ ಕೆಲವೊಮ್ಮೆ ತಾನಾಗಿಯೇ ನಿಮಿರುತ್ತದೆ. ಅವರು ಮುಖ ಆ ಕಡೆ ತಿರುಗಿಸುತ್ತಾರೆ, ನಾನೂ ಸುಮ್ಮನಿರುತ್ತೇನೆ. ನಾವು ಮತ್ತೆ ಸೇರಬಹುದಾ? ಮಗು ಆಗುತ್ತಾ?

ಗಾಲಿಕುರ್ಚಿ:
ಅಕ್ಕಾ, ನನಗೆ ಟಿ-4, ಒಂಬತ್ತು ವರ್ಷವಾಯಿತು. ಅವರು ಮುಖ ತಿರುಗಿಸುವುದು ನಿಮ್ಮ ಮೇಲಿನ ಬೇಸರಕ್ಕೆ ಇರಲಿಕ್ಕಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ, ನನಗೇ ಗೊತ್ತಾಗದೆ ಮೈ ಎದ್ದರೆ ಅದು ನನ್ನ ಮೈಯೇ ಅಲ್ಲ ಅನ್ನಿಸುತ್ತಿತ್ತು. ಮೊದಲು ಮಾತಾಡಿ. ಕುತ್ತಿಗೆ, ಕಿವಿ, ಭುಜ, ಸ್ಪರ್ಶ ಗೊತ್ತಾಗುವ ಕಡೆಯಿಂದ ಶುರು ಮಾಡಿ, ನನಗಂತೂ ಅಲ್ಲೆಲ್ಲ ಮೊದಲಿಗಿಂತ ಜಾಸ್ತಿ ಸುಖ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಮೂತ್ರ ಖಾಲಿ ಮಾಡಿಸಿ, ಒಂದು ಟವೆಲ್ ಹಾಸಿಕೊಳ್ಳಿ. ಸ್ವಲ್ಪ ಒದ್ದೆಯಾದರೂ ಗಾಬರಿ ಬೇಡ. ಆಮೇಲೆ ಚರ್ಮ ಕೆಂಪಾಗಿದೆಯಾ ನೋಡಿ.

ರಿಹ್ಯಾಬ್ ಸಿಸ್ಟರ್:
ಪೈಪ್ ಹಾಕುವಾಗ ನಿಮಿರುವುದು ಒಳ್ಳೆಯ ಸೂಚನೆ ತಂಗಿ. ಮುಟ್ಟಿದಾಗ ಆಗುವ ನಿಮಿರುವಿಕೆ ಬೆನ್ನುಹುರಿಯ ಕೆಳತುದಿಯ ಎಸ್-2ರಿಂದ ಎಸ್-4ರ ಕೆಲಸ, ಅದು ಅವರಲ್ಲಿ ಉಳಿದಿದೆ. ಹೆಚ್ಚು ಹೊತ್ತು ನಿಲ್ಲದಿದ್ದರೆ ಸಿಲ್ಡೆನಾಫಿಲ್ ಮಾತ್ರೆ ಬಹಳ ಜನರಿಗೆ ಕೆಲಸ ಮಾಡುತ್ತದೆ, ಆದರೆ ಬಿಪಿ ಇಳಿಸುವ ಮಾತ್ರೆ ಅದು, ಡಾಕ್ಟರನ್ನು ಕೇಳದೆ ಬೇಡ, ಎದೆನೋವಿನ ನೈಟ್ರೇಟ್ ಮಾತ್ರೆ ಜೊತೆಗಂತೂ ಬೇಡವೇ ಬೇಡ.

ಒಂದು ಎಚ್ಚರ. ಟಿ-6 ಮತ್ತು ಅದಕ್ಕಿಂತ ಮೇಲೆ, ಅಂದರೆ ಕುತ್ತಿಗೆಯ ಕಡೆಗೆ, ಪೆಟ್ಟಾದವರಿಗೆ ಈ ಹೊತ್ತಲ್ಲಿ ಬಿಪಿ ದಿಢೀರ್ ಏರಬಹುದು, ನಿಮ್ಮವರ ಟಿ-5 ಕೂಡ ಇದರಲ್ಲಿ ಬರುತ್ತದೆ. ತಲೆ ಸಿಡಿಯುವುದು, ಮುಖ ಕೆಂಪಾಗಿ ಬೆವರುವುದು ಕಂಡರೆ ಕೂಡಲೇ ನಿಲ್ಲಿಸಿ, ಎಬ್ಬಿಸಿ ಕೂರಿಸಿ, ಮೂತ್ರ ತುಂಬಿದೆಯಾ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಸಿಲ್ಡೆನಾಫಿಲ್ ತಗೊಂಡಿದ್ದರೆ ಅಲ್ಲಿ ಮರೆಯದೆ ಹೇಳಿ.

ಮಗು ಆಗಲು ದಾರಿ ಇದೆ. ವೀರ್ಯ ತಾನಾಗಿ ಬರದಿದ್ದರೆ ವೈಬ್ರೇಟರ್‌ನಿಂದ ತೆಗೆಯುತ್ತಾರೆ, ಟಿ-10ಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದು ಚೆನ್ನಾಗಿ ಆಗುತ್ತದೆ. ಮೊದಲ ಸಲ ಆಸ್ಪತ್ರೆಯಲ್ಲೇ, ಬಿಪಿ ನೋಡಿಕೊಂಡು ಮಾಡಬೇಕು. ಹಾಗೂ ಆಗದಿದ್ದರೆ ಬೇರೆ ವಿಧಾನದಿಂದ ವೀರ್ಯ ತೆಗೆದು ಐವಿಎಫ್ (ದೇಹದ ಹೊರಗೆ ಅಂಡಾಣು ಜೊತೆ ಸೇರಿಸುವುದು) ಮಾಡಬಹುದು. ಪಿಎಂಆರ್ (ದೈಹಿಕ ಚಿಕಿತ್ಸೆ ಮತ್ತು ಪುನರ್ವಸತಿ) ವಿಭಾಗ ಇರುವ ಕಡೆ ಹೋಗಿ, ವೆಲ್ಲೂರಿನ ಸಿಎಂಸಿಯಲ್ಲಿದೆ, ನಿಮ್ಹಾನ್ಸ್‌ನಲ್ಲೂ ನರರೋಗಿಗಳ ಪುನರ್ವಸತಿ ವಿಭಾಗವಿದೆ. "ಯಾಕಮ್ಮ" ಅಂದರೆ ಸುಮ್ನೆ ವಾಪಸ್ ಬರಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಈ ಮಾಹಿತಿ ನಿಮಗೆ ಸಿಗಬೇಕು ಅನ್ನುತ್ತದೆ.

ತೋಟದಮನೆ:
ರಾತ್ರಿ ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಬಹಳ ಹೊತ್ತು ಏನೂ ಅನ್ನಲಿಲ್ಲ. ಬೆಳಿಗ್ಗೆ ಅವರೇ, ವೆಲ್ಲೂರಿಗೆ ಹೋದರೆ ಎಷ್ಟು ದಿನ ಉಳಿಯಬೇಕಾಗುತ್ತದೆ ಕೇಳು ಅಂದರು. ಗೊತ್ತಿದ್ದವರು ಹೇಳಿ.