‘ನವೀಕರಣ’ ಅಂದರೆ ಅಪ್‌ಡೇಟೋ, ಅಪ್‌ಗ್ರೇಡೋ, ರಿನ್ಯೂವಲ್ಲೋ?

ಎಲ್ಲರಿಗೂ ನಮಸ್ಕಾರ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರ್ ಸೇವೆಗಳ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಏನು ಬಂತು, ಯಾವುದು ಬದಲಾಯಿತು, ಯಾವುದು ನಿಲ್ಲುತ್ತದೆ, ಇಷ್ಟೇ ವಿಷಯ. ಆದರೆ ಎಲ್ಲಿ ನೋಡಿದರೂ ‘ನವೀಕರಣ’ ಎಂಬ ಒಂದೇ ಪದ ಬಂದು ಕೂರುತ್ತದೆ. ಅಪ್‌ಡೇಟ್‌ಗೂ ಅದೇ, ಅಪ್‌ಗ್ರೇಡ್‌ಗೂ ಅದೇ, ಲೈಸೆನ್ಸ್ ರಿನ್ಯೂ ಮಾಡುವುದಕ್ಕೂ ಅದೇ. ‘ಲ್ಯಾಬ್ ನವೀಕರಣ’ ಎಂದರೆ ಗೋಡೆಗೆ ಬಣ್ಣ ಬಳಿಯುವುದೂ ಆಗಬಹುದು!

‘ಶನಿವಾರ ಮ್ಯಾಟ್‌ಲ್ಯಾಬ್ ನವೀಕರಣ’ ಎಂಬ ಸಾಲನ್ನೇ ನೋಡಿ. ಮ್ಯಾಟ್‌ಲ್ಯಾಬ್ ಎಂದರೆ ಎಂಜಿನಿಯರಿಂಗ್ ಲೆಕ್ಕಾಚಾರದ ಸಾಫ್ಟ್‌ವೇರ್. ಲೈಸೆನ್ಸ್ ಅವಧಿ ಮುಂದುವರಿಸುತ್ತಿದ್ದಾರೆ ಎಂದಾದರೆ ವಿದ್ಯಾರ್ಥಿ ಏನೂ ಮಾಡಬೇಕಿಲ್ಲ, ಸುಮ್ನೆ ಇರಬಹುದು. ಹೊಸ ಆವೃತ್ತಿ ಹಾಕುತ್ತಿದ್ದಾರೆ ಎಂದಾದರೆ ಕತೆಯೇ ಬೇರೆ. ಮ್ಯಾಟ್‌ಲ್ಯಾಬ್ ವರ್ಷಕ್ಕೆ ಎರಡು ಸಲ, ‘ಎ’ ಮತ್ತು ‘ಬಿ’ ಎಂದು ಹೊಸ ಆವೃತ್ತಿ ತರುತ್ತದೆ. ಹೊಸದರಲ್ಲಿ ಸೇವ್ ಮಾಡಿದ ಸಿಮ್ಯುಲಿಂಕ್ (ಮ್ಯಾಟ್‌ಲ್ಯಾಬ್ ಜೊತೆಗಿನ ಸಿಮ್ಯುಲೇಶನ್ ಸಾಫ್ಟ್‌ವೇರ್) ಮಾಡೆಲ್ಲನ್ನು ಹಳೆಯದರಲ್ಲಿ ತೆರೆಯಬೇಕಾದರೆ, ಮೊದಲು ಹಳೆಯ ಆವೃತ್ತಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು. ಲ್ಯಾಬಿನಲ್ಲಿ ಒಂದು ಆವೃತ್ತಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇರುವವರಿಗೆ ಇದು ಮುಂಚೆಯೇ ಗೊತ್ತಿರಬೇಕು ಅಲ್ವಾ? ‘ನವೀಕರಣ’ ಎಂದಷ್ಟೇ ಬರೆದರೆ ಗೊತ್ತಾಗುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಈ ಪದ ಇನ್ನೂ ಸಾಲದು. ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಬೆಂಬಲ ನಿಂತದ್ದು 2024ರ ಜೂನ್ 30ಕ್ಕೆ. ಅದನ್ನು ನಡೆಸುತ್ತಿದ್ದ ಕ್ಲಸ್ಟರ್‌ಗಳು (ಒಟ್ಟಾಗಿ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪುಗಳು) ರಾಕಿ, ಆಲ್ಮಾದಂಥ ಬೇರೆ ಲಿನಕ್ಸ್‌ಗೆ ಹೋಗಬೇಕಾಯಿತು. ಹಾಗೆ ಹೋದಾಗ ಬಳಕೆದಾರರು ತಾವು ಬರೆದ ಎಷ್ಟೋ ಪ್ರೋಗ್ರಾಂಗಳನ್ನು ಹೊಸ ವ್ಯವಸ್ಥೆಯಲ್ಲಿ ನಡೆಯುವಂತೆ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ. ಅಷ್ಟು ದೊಡ್ಡ ಕೆಲಸಕ್ಕೂ ವಾರವಾರದ ಪ್ಯಾಚ್‌ಗೂ ಒಂದೇ ಹೆಸರು ಇಡುವುದು ನನಗೆ ಸರಿಕಾಣುವುದಿಲ್ಲ.

‘ನವೀಕರಣ’ವನ್ನು ಲೈಸೆನ್ಸ್‌ಗೆ ಮಾತ್ರ ಉಳಿಸಿಕೊಳ್ಳೋಣ ಎಂಬುದು ನನ್ನ ಅನಿಸಿಕೆ. ‘ಪರವಾನಗಿ ನವೀಕರಣ’ ಕಚೇರಿಗಳಲ್ಲಿ ಈಗಾಗಲೇ ನೆಲೆಯೂರಿದೆ. ಸಣ್ಣ ತಿದ್ದುಪಡಿಗೆ ‘ಅಪ್‌ಡೇಟ್’ ಎಂದೇ ಇರಲಿ, ಎಲ್ಲರ ಬಾಯಲ್ಲೂ ಅದೇ ಇದೆ. ‘ಪರಿಷ್ಕರಣೆ’ ಎಂದರೆ ಪುಸ್ತಕದ ಹೊಸ ಮುದ್ರಣ ನೆನಪಾಗುತ್ತದೆ. ಅಪ್‌ಗ್ರೇಡ್‌ಗೆ ಪತ್ರಿಕೆಗಳಲ್ಲಿ ‘ಮೇಲ್ದರ್ಜೆಗೇರಿಸು’ ಇದೆ. ಆಸ್ಪತ್ರೆಗೆ, ರಸ್ತೆಗೆ ಚೆನ್ನಾಗಿ ಒಪ್ಪುತ್ತದೆ. ಸರ್ವರ್‌ಗೆ ಮೆಮೊರಿ ಜಾಸ್ತಿ ಮಾಡಿದರೆ, ಹೊಸ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಹಾಕಿದರೆ ಅದನ್ನು ಬಳಸಬಹುದು. ಸಾಫ್ಟ್‌ವೇರ್‌ಗೆ ಮಾತ್ರ ‘ಹೊಸ ಆವೃತ್ತಿಗೆ ಬದಲಾವಣೆ’ ಎಂದು ಬಿಡಿಸಿ ಹೇಳುವುದೇ ವಾಸಿ. ಉದ್ದವಾಗುತ್ತದೆ ನಿಜ. ಆದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುತ್ತದೆ.

ಇನ್ನೊಂದು, ‘ಕ್ಯೂ’, ಅಂದರೆ ಕ್ಲಸ್ಟರ್‌ಗೆ ಕೊಟ್ಟ ಕೆಲಸಗಳು ಕಾಯುವ ಸಾಲು. ಇದಕ್ಕೆ ‘ಸರದಿ’ ಎಂದು ಬರೆದಿದ್ದೇನೆ, ಆದರೂ ಅನುಮಾನವಿದೆ. ಸರದಿ ಎಂದರೆ ಮೊದಲು ಬಂದವರಿಗೆ ಮೊದಲು ಎಂಬ ಭಾವನೆ ಬರುತ್ತದೆ. ಕ್ಲಸ್ಟರಿನಲ್ಲಿ ಕೆಲಸಗಳನ್ನು ಹಂಚುವ ಸ್ಲರ್ಮ್‌ನಂಥ ವ್ಯವಸ್ಥೆ ಸಾಮಾನ್ಯವಾಗಿ ಹಾಗೆ ನಡೆಯುವುದಿಲ್ಲ. ಆದ್ಯತೆ ನೋಡುತ್ತದೆ. ಮುಂದಿರುವ ದೊಡ್ಡ ಕೆಲಸಕ್ಕೆ ತಡವಾಗದಿದ್ದರೆ, ಹಿಂದಿರುವ ಚಿಕ್ಕ ಕೆಲಸವನ್ನು ನಡುವೆ ತೂರಿಸಿ ಮುಗಿಸಿಬಿಡುತ್ತದೆ. ಕೆಲಸಗಳ ಪಟ್ಟಿಯಲ್ಲಿ ‘ಪಿಡಿ’ (ಪೆಂಡಿಂಗ್) ಎಂದು ಕಂಡರೆ ಕೆಲಸ ಕಾಯುತ್ತಿದೆ ಎಂದರ್ಥ. ಪಕ್ಕದಲ್ಲಿ ‘ರಿಸೋರ್ಸಸ್’ ಎಂದಿದ್ದರೆ ಬೇಕಾದಷ್ಟು ಯಂತ್ರ ಬಿಡುವಿಲ್ಲ, ‘ಪ್ರಯಾರಿಟಿ’ ಎಂದಿದ್ದರೆ ಹೆಚ್ಚಿನ ಆದ್ಯತೆಯ ಕೆಲಸ ಮುಂದಿದೆ. ಹಾಗಾಗಿ ‘ನಿಮ್ಮ ಕೆಲಸ ಸರದಿಯಲ್ಲಿದೆ’ ಎನ್ನುವುದಕ್ಕಿಂತ ‘ಕಾಯುತ್ತಿದೆ’ ಎಂದು ಬರೆದು, ಜೊತೆಗೆ ಕಾರಣ ಕೊಡುವುದು ಮೇಲು ಎನಿಸುತ್ತದೆ.

ಕೆಲಸ ನಡೆಯುವಾಗ ಫೈಲುಗಳನ್ನು ತಾತ್ಕಾಲಿಕವಾಗಿ ಇಡುವ ‘ಸ್ಕ್ರ್ಯಾಚ್’ ಎಂಬ ಡಿಸ್ಕ್ ಜಾಗಕ್ಕೆ ಮಾತ್ರ ಪದ ಸಿಕ್ಕಿಲ್ಲ. ಅಲ್ಲಿರುವುದಕ್ಕೆ ಸಾಮಾನ್ಯವಾಗಿ ಬ್ಯಾಕಪ್ ಇರುವುದಿಲ್ಲ, ಹಳೆಯ ಫೈಲುಗಳನ್ನು ಆಗಾಗ ಅಳಿಸುತ್ತಾರೆ. ‘ತಾತ್ಕಾಲಿಕ ಸಂಗ್ರಹ’ ಎಂದರೆ ‘ಸಂಗ್ರಹ’ ಎಂಬುದನ್ನೇ ನಂಬಿ ಪ್ರಾಜೆಕ್ಟಿನ ಫಲಿತಾಂಶವನ್ನೆಲ್ಲ ಅಲ್ಲೇ ಬಿಡುವವರಿದ್ದಾರೆ. ಅಳಿದುಹೋಗುತ್ತದೆ ಎಂಬ ಎಚ್ಚರಿಕೆ ಹೆಸರಿನಲ್ಲೇ ಇರಬೇಕು. ಕರಡು ಜಾಗ, ಕಚ್ಚಾ ಜಾಗ ಎಂದೆಲ್ಲ ಯೋಚಿಸಿದೆ, ಯಾವುದರಲ್ಲೂ ಆ ಎಚ್ಚರಿಕೆ ಇಲ್ಲ.

ನೀವೆಲ್ಲ ಇದಕ್ಕೆ ಏನನ್ನುತ್ತೀರಿ? ಅಪ್‌ಗ್ರೇಡ್‌ಗೆ ಇನ್ನೂ ಚಿಕ್ಕ ಪದ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ಯಾವ ವಾಕ್ಯದಲ್ಲಿ ಬಳಸುತ್ತೀರಿ ಎಂದು ಜೊತೆಗೇ ಬರೆದರೆ ಒಳ್ಳೆಯದು.