ಅಪ್‌ಡೇಟ್: ಕಾಫಿ ಕ್ಯೂರಿಂಗ್ ಲೆಕ್ಕದ ಜಾವಾ ಅಪ್ಲಿಕೇಶನ್ ದಾರಿಗೆ ಬಂತು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಲೆಕ್ಕಕ್ಕೆ ಜಾವಾದಲ್ಲಿ ಅಪ್ಲಿಕೇಶನ್ ಮಾಡುತ್ತಿದ್ದೇನೆ, ಮೂಟೆ ತೂಕ ಸರಿಯಿದೆಯೇ ಎಂದು ನೋಡುವ ಒಂದೇ ಕೋಡನ್ನು ಪ್ರತಿ ಪುಟದಲ್ಲೂ ಬರೆದು ಸಾಕಾಗಿದೆ ಎಂದು ಹೋದ ತಿಂಗಳು ಕೇಳಿದ್ದೆ. ಜಾವಾ ಅಪ್ಲಿಕೇಶನ್ ಕಟ್ಟಲು ಒರಾಕಲ್ ಕಂಪನಿ ಕೊಡುವ ಸಿದ್ಧ ಚೌಕಟ್ಟು (ಫ್ರೇಮ್‌ವರ್ಕ್) ಎಡಿಎಫ್ ನೋಡಿ ಎಂದಿದ್ದಿರಿ. ನೋಡಿದೆ, ಕೆಲಸ ಆಯಿತು!

ತೂಕ ಸೊನ್ನೆಗಿಂತ ಜಾಸ್ತಿ ಇರಬೇಕು ಎಂಬ ನಿಯಮವನ್ನು ಎಂಟಿಟಿ ಆಬ್ಜೆಕ್ಟ್‌ನಲ್ಲಿ (ಡೇಟಾಬೇಸ್‌ನ ಒಂದು ಟೇಬಲ್ ಅನ್ನು ಪ್ರತಿನಿಧಿಸುವ ಭಾಗ) ಒಂದೇ ಸಲ ಹಾಕಿದೆ. ಕೋಡ್ ಬರೆಯಲಿಲ್ಲ, ಒರಾಕಲ್‌ನದೇ ಪ್ರೋಗ್ರಾಮ್ ಬರೆಯುವ ಸಾಧನ ಜೆಡೆವಲಪರ್‌ನ ಎಡಿಟರ್‌ನಲ್ಲಿ ಆರಿಸಿದೆ ಅಷ್ಟೇ. ಆ ನಿಯಮ ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದ ಫೈಲ್‌ನಲ್ಲಿ ಉಳಿಯುತ್ತದೆ. ಆ ಎಂಟಿಟಿ ಬಳಸುವ ಎಲ್ಲ ಪುಟಗಳಿಗೂ ಅದೇ ನಿಯಮ. ಎಷ್ಟು ನೆಮ್ಮದಿ ಅಲ್ವಾ? ಡೇಟಾ ಪಟ್ಟಿ ತೋರಿಸುವ ಡೇಟಾ ಕಂಟ್ರೋಲ್ ಪ್ಯಾನಲ್‌ನಿಂದ ಬೇಕಾದ್ದನ್ನು ಪುಟಕ್ಕೆ ಎಳೆದು ಬಿಟ್ಟರೆ ಬೈಂಡಿಂಗ್ (ಪುಟಕ್ಕೂ ಡೇಟಾಗೂ ಕೊಂಡಿ) ಕೂಡ ತಾನೇ ಆಗುತ್ತದೆ.

ಒಂದು ಕಡೆ ಮಾತ್ರ ಎರಡು ದಿನ ಒದ್ದಾಡಿದೆ. ಎಂಟಿಟಿಯ ಒಂದು ಅಟ್ರಿಬ್ಯೂಟ್ (ತೂಕದಂಥ ಒಂದು ಅಂಶ) ಹೆಸರು ಬದಲಿಸಿದ್ದೆ, ಆದರೆ ಪುಟದ ಬೈಂಡಿಂಗ್‌ಗಳನ್ನು ಇಡುವ ಪೇಜ್ ಡೆಫಿನಿಷನ್ ಫೈಲ್‌ನಲ್ಲಿ ಹಳೆಯ ಹೆಸರೇ ಉಳಿದಿತ್ತು. ನಿಮಗೂ ಹೀಗಾದರೆ ಮೊದಲು ಆ ಫೈಲ್ ನೋಡಿ. ದಾರಿ ತೋರಿಸಿದ ಎಲ್ಲರಿಗೂ ಥ್ಯಾಂಕ್ಸ್.