ಸಹಾಯ ಬೇಕು: ತೇವದ ಹವೆಯಲ್ಲಿ ಭೂತ್ ಜೊಲೋಕಿಯಾ ಮೆಣಸಿನಕಾಯಿ ಕೊಳೀತಿದೆ

ಎಲ್ಲರಿಗೂ ನಮಸ್ಕಾರ. ಕುಂಡಗಳಲ್ಲಿ ಆರು ಭೂತ್ ಜೊಲೋಕಿಯಾ ಗಿಡ ಬೆಳೆಸಿದ್ದೀನಿ. 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ, ಹತ್ತು ಲಕ್ಷ ಸ್ಕೋವಿಲ್ (ಖಾರ ಅಳೆಯೋ ಮಾನ) ದಾಟೋ ಖಾರದ ತಳಿ ಇದು. ಬೀಜ ಮೊಳಕೆ ಬರೋಕೇ ಮೂರು ವಾರ ಕಾದಿದ್ದೆ, ಮಕ್ಕಳ ಹಾಗೆ ನೋಡ್ಕೊಂಡಿದ್ದೀನಿ.

ಈಗ ಬಿಡದೆ ಮಳೆ, ಗಾಳಿಯಲ್ಲೆಲ್ಲ ತೇವ. ಕಾಯಿ ಕೆಂಪಾಗೋ ಹೊತ್ತಿಗೆ ಸಿಪ್ಪೆ ಮೇಲೆ ದುಂಡಗೆ ಒಂದು ಗುಳಿ ಬೀಳುತ್ತೆ. ಒಳಗೆ ಉಂಗುರ ಉಂಗುರವಾಗಿ ಕಪ್ಪು ಚುಕ್ಕೆ, ಮಧ್ಯೆ ಕಿತ್ತಳೆ ಬಣ್ಣದ ಅಂಟು. ಎರಡೇ ದಿನದಲ್ಲಿ ಕಾಯಿ ಮೆತ್ತಗಾಗುತ್ತೆ. ಹಣ್ಣು ಕೊಳೆ ರೋಗ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಕೆಳಗಿನ ಎಲೆ ತೆಗೆದೆ, ಕೊಳೆತ ಕಾಯಿ ಕಿತ್ತು ದೂರ ಎಸೆದೆ, ನೀರು ಬುಡಕ್ಕೆ ಮಾತ್ರ ಹಾಕ್ತಿದ್ದೀನಿ. ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಲೀಟರ್ ನೀರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಿದೆ, ಮಳೆಗೆ ತೊಳೆದು ಹೋಯ್ತು. ಕೊನೆಗೆ ಮೂರು ಗಿಡಕ್ಕೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿದೆ. ಕೊಳೆಯೋದೇನೋ ಕಮ್ಮಿ ಆಯ್ತು, ಆದರೆ ಒಳಗೆ ಸೆಕೆ ಕಟ್ಟಿ ಹೂವೆಲ್ಲ ತೊಟ್ಟಿನ ಸಮೇತ ಉದುರ್ತಿವೆ. ಪರಾಗ ಒದ್ದೆಯಾಗಿ ಅಂಟಿಕೊಳ್ತಿದೆಯೋ ಏನೋ.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ತೆರೆದಿಟ್ರೆ ಕಾಯಿ ಕೊಳೆಯುತ್ತೆ, ಮುಚ್ಚಿದ್ರೆ ಹೂವು ನಿಲ್ಲಲ್ಲ. ಇಂಥ ಹವೆಯಲ್ಲಿ ಈ ತಳಿ ಬೆಳೆದವರು ದಯವಿಟ್ಟು ಹೇಳಿ: ಹೊದಿಕೆಯನ್ನ ಗಿಡದಿಂದ ಎಷ್ಟು ಎತ್ತರಕ್ಕೆ ಕಟ್ಟಬೇಕು, ಪಕ್ಕಗಳನ್ನ ಪೂರ್ತಿ ತೆರೆದಿಡಬೇಕಾ?